ಒಂದೇ ಸಲ ಆಮೆನ್

2020ರ ಆಗಸ್ಟ್ 21, ಶುಕ್ರವಾರ. ರಾತ್ರಿ ಹತ್ತೂವರೆಗೆ, ಮೆಲ್ಬರ್ನಿನ ಪಶ್ಚಿಮದ ಬಡಾವಣೆಯೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದ ವೃದ್ಧಾಶ್ರಮದ ಮುಂದೆ ಕಾರು ನಿಲ್ಲಿಸಿದೆ. ಇಂಜಿನ್ ಆರಿಸಿ, ಸ್ಟಿಯರಿಂಗ್ ಹಿಡಿದುಕೊಂಡೇ ಯೇಸುಸ್ವಾಮಿಗೆ ಗಟ್ಟಿಯಾಗಿ ಹೇಳಿದೆ: "ನೀನು ನನಗೆ ಬೇಡ. ನಿನ್ನ ರಕ್ಷಣೆಯೂ ಬೇಡ." ಅದರ ಹಿಂದೆಯೇ ಪವಿತ್ರಾತ್ಮನ ಬಗ್ಗೆ ಇನ್ನೊಂದು ಮಾತು ಎದ್ದಿತು. ಅದು ಬಾಯಿಂದ ಹೊರಬಿತ್ತೋ, ಮನಸ್ಸಿನೊಳಗೇ ಉಳಿಯಿತೋ, ಇವತ್ತಿಗೂ ಗೊತ್ತಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಮಾಸ್ಕ್ ಹಾಕಿಕೊಂಡು ಒಳಗೆ ಹೋದೆ, ಬೆಳಗಿನ ಏಳರವರೆಗೆ ಮುದುಕರ ಹಾಸಿಗೆ ಬದಲಿಸಿದೆ, ನೀರು ಕುಡಿಸಿದೆ, ಮಗ್ಗುಲು ತಿರುಗಿಸಿ ಮಲಗಿಸಿದೆ.

ಆ ಎರಡು ವಾಕ್ಯಗಳಿಂದ ನಾನು ಹೊರಗೆ ಬರಲು ಸುಮಾರು ಎರಡು ವರ್ಷ ಹಿಡಿಯಿತು.

ನಾನು ಗದಗ-ಬೆಟಗೇರಿಯವಳು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಧಾರವಾಡ ಹುಬ್ಬಳ್ಳಿಗಳನ್ನು ದಾಟಿ 1841ರಲ್ಲಿ ಬೆಟಗೇರಿಗೆ ಕಾಲಿಟ್ಟರು. ನಮ್ಮ ಮನೆತನದಲ್ಲಿ ಮೊದಲು ದೀಕ್ಷಾಸ್ನಾನ ಪಡೆದವರು ನೇಕಾರರು. ನಾನು ಐದನೆಯ ತಲೆಮಾರು. ಅಪ್ಪ ಶಾಲಾ ಮಾಸ್ತರರು. ರಾತ್ರಿ ಊಟವಾದ ಮೇಲೆ ಅವರು ಸತ್ಯವೇದ ಓದಿ ಪ್ರಾರ್ಥನೆ ಮಾಡುತ್ತಿದ್ದರು, ನಾವೆಲ್ಲ ಕೊನೆಗೆ ಆಮೆನ್ ಅನ್ನುತ್ತಿದ್ದೆವು. ಹದಿನೈದನೆಯ ವಯಸ್ಸಿಗೆ ಕನ್ಫರ್ಮೇಶನ್, ಅಂದರೆ ನನ್ನ ಬಾಯಿಂದಲೇ ವಿಶ್ವಾಸ ಒಪ್ಪಿಕೊಳ್ಳುವ ವಿಧಿ, ಆಯಿತು. ರಕ್ಷಣೆ ಎಂಬುದು ನಮ್ಮ ಮನೆಯಲ್ಲಿ ತಲೆಯ ಮೇಲಿನ ಮಾಳಿಗೆಯ ಹಾಗೆ ಇತ್ತು. ಅದು ಬಿದ್ದೀತೇ ಎಂದು ಯಾರೂ ಕೇಳುತ್ತಿರಲಿಲ್ಲ. ಒಂದೇ ಒಂದು ಹೆದರಿಕೆ ನೆನಪಿದೆ. ಬನಿಯನ್ ಬರೆದ ಯಾತ್ರಿಕನ ಕಥೆಯ ಕನ್ನಡ ಪುಸ್ತಕ ಕಪಾಟಿನಲ್ಲಿತ್ತು. ಅದರಲ್ಲಿ ಕಬ್ಬಿಣದ ಪಂಜರದೊಳಗೆ ಕೂತ ಒಬ್ಬ ಮನುಷ್ಯ ಬರುತ್ತಾನೆ. ಒಮ್ಮೆ ಭಕ್ತನಾಗಿದ್ದವನು, ಈಗ ಪಶ್ಚಾತ್ತಾಪ ಪಡಲೂ ಆಗದವನು. ಆ ಪುಟ ಬಂದರೆ ನಾನು ಎರಡು ಹಾಳೆ ಒಟ್ಟಿಗೆ ಮಗುಚುತ್ತಿದ್ದೆ.

2009ರಲ್ಲಿ ಮೆಲ್ಬರ್ನಿಗೆ ಬಂದೆ. ಮದುವೆಯಾಗಿ, ಮಗ ಹುಟ್ಟಿ, ಟಾರ್ನೀಟ್‌ನಲ್ಲಿ ಮನೆ ಮಾಡಿದೆವು. ಅಣ್ಣ ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಲ್ಲಿ. 2020ರ ಜನವರಿಯಲ್ಲಿ ಅಪ್ಪ ಅವ್ವ ಮೂರು ತಿಂಗಳ ಮಟ್ಟಿಗೆಂದು ಅಣ್ಣನ ಮನೆಗೆ ಬಂದರು. ಮಾರ್ಚಿನಲ್ಲಿ ವಿಮಾನಗಳು ನಿಂತವು, ಅವರು ಅಲ್ಲೇ ಉಳಿದರು. ಜುಲೈ 8ರಂದು ವಿಕ್ಟೋರಿಯ ಮತ್ತು ನ್ಯೂ ಸೌತ್ ವೇಲ್ಸ್ ನಡುವಿನ ಗಡಿ ಮುಚ್ಚಿತು. ನೂರು ವರ್ಷದ ಹಿಂದೆ, 1919ರ ಇನ್ಫ್ಲುಯೆಂಜಾ ಕಾಲದಲ್ಲಿ ಮುಚ್ಚಿದ್ದು ಬಿಟ್ಟರೆ ಮತ್ತೆ ಹಾಗಾಗಿರಲಿಲ್ಲ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಆಗಸ್ಟ್ ಮೊದಲ ವಾರಕ್ಕೆ ಮೆಲ್ಬರ್ನಿನಲ್ಲಿ ರಾತ್ರಿ ಎಂಟರಿಂದ ಬೆಳಗಿನ ಐದರವರೆಗೆ ಕರ್ಫ್ಯೂ, ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗುವಂತಿಲ್ಲ. ವಿಕ್ಟೋರಿಯದಲ್ಲಿ ಆ ವರ್ಷ ಕೋವಿಡ್‌ನಿಂದ ತೀರಿಕೊಂಡವರು 800ಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ವೃದ್ಧಾಶ್ರಮಗಳಲ್ಲಿದ್ದವರು. ನಾನು ಕೆಲಸ ಮಾಡುತ್ತಿದ್ದುದು ಅಂಥದೇ ಕಡೆ.

ಅಪ್ಪನಿಗೆ ಆಗಸ್ಟ್ 16ಕ್ಕೆ ಲಕ್ವ ಹೊಡೆಯಿತು. ಗಡಿ ದಾಟಲು ಅರ್ಜಿ ಹಾಕಿದೆ. ಪರವಾನಗಿ ಸಿಕ್ಕರೂ 14 ದಿನ ಹೋಟೆಲಿನಲ್ಲಿ ಕೂರಬೇಕಿತ್ತು. 19ಕ್ಕೆ ಅಪ್ಪ ಹೋದರು. 21ಕ್ಕೆ ರೂಕ್‌ವುಡ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅಣ್ಣನ ಮಗಳು ಹಿಡಿದಿದ್ದ ಫೋನಿನಲ್ಲಿ ನಾನು ನೋಡಿದೆ. ಗಾಳಿಯ ಸದ್ದಿನಲ್ಲಿ ಪ್ರಾರ್ಥನೆ ಕೇಳಿಸಲಿಲ್ಲ. ಎಲ್ಲರೂ ತಲೆ ಎತ್ತಿದ್ದನ್ನು ನೋಡಿ ಆಮೆನ್ ಆಯಿತು ಎಂದು ತಿಳಿದುಕೊಂಡೆ. ಅರ್ಜಿಗೆ ಉತ್ತರ ಬಂದದ್ದು ಮರುವಾರ. ಮಣ್ಣು ಮಾಡಿದ ಆ ರಾತ್ರಿಯೇ ಕೆಲಸಕ್ಕೆ ಹೋದೆ, ಯಾಕೆಂದರೆ ಬರುವವರು ಬೇರೆ ಯಾರೂ ಇರಲಿಲ್ಲ. ಕರ್ಫ್ಯೂ ಹೊತ್ತಿನ ಖಾಲಿ ರಸ್ತೆಯಲ್ಲಿ ಹೋಗುವಾಗ ಒಳಗಿದ್ದದ್ದೆಲ್ಲ ಆ ಎರಡು ವಾಕ್ಯಗಳಾಗಿ ಹೊರಗೆ ಬಂತು.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ ನೆನಪಾಯಿತು. ಬೆಳಕು ಕಂಡು, ಪರಲೋಕದ ವರದ ರುಚಿ ನೋಡಿ, ಪವಿತ್ರಾತ್ಮನಲ್ಲಿ ಪಾಲುಗೊಂಡ ಮೇಲೆ ಬಿದ್ದುಹೋದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯ ಎಂದು ಅಲ್ಲಿ ಬರೆದಿದೆ. ನಾಲ್ಕು, ಐದು, ಆರನೆಯ ವಚನಗಳು. ಓದಿದೆ. ಹೊಟ್ಟೆಯೊಳಗೆ ತಣ್ಣಗಾಯಿತು. ಪಂಜರದ ಮನುಷ್ಯ ನಾನೇ ಅನಿಸಿತು. ಆಮೇಲೆ ಮಾರ್ಕನ ಮೂರನೆಯ ಅಧ್ಯಾಯ, ಪವಿತ್ರಾತ್ಮನನ್ನು ದೂಷಿಸಿದವನಿಗೆ ಎಂದಿಗೂ ಕ್ಷಮೆಯಿಲ್ಲ ಎಂಬ ಮಾತು. ಆಮೇಲೆ ಏಸಾವ, ಕಣ್ಣೀರಿಟ್ಟು ಹುಡುಕಿದರೂ ದಾರಿ ಸಿಗದವನು. ಒಂದರ ಹಿಂದೆ ಒಂದು, ನನ್ನ ಹೆಸರು ಬರೆದಿಟ್ಟ ಹಾಗೆ.

ಕ್ಷಮೆ ಕೇಳಿದೆ. ಕೇಳಿದ್ದು ಮನಸಾರೆ ಅಲ್ಲವೇನೋ ಅನಿಸಿತು, ಮತ್ತೆ ಕೇಳಿದೆ. ಕೇಳುವಾಗ ಆ ಕೆಟ್ಟ ಮಾತು ನಡುವೆ ಬಂತು, ಪ್ರಾರ್ಥನೆ ಮೈಲಿಗೆಯಾಯಿತು, ಮೊದಲಿನಿಂದ ಶುರು ಮಾಡಿದೆ. ಸೆಪ್ಟೆಂಬರ್ ಹೊತ್ತಿಗೆ ಒಂದು ಪ್ರಾರ್ಥನೆ ಮುಗಿಸಲು ಒಂದೂವರೆ ಗಂಟೆ ಬೇಕಾಗುತ್ತಿತ್ತು. ಕೊನೆಯ ಆಮೆನ್ ಅಂತೂ ಸರಿಯಾಗಿ ಬೀಳುತ್ತಲೇ ಇರಲಿಲ್ಲ. ಅದು ಶುದ್ಧ ಮನಸ್ಸಿನಿಂದ ಬರಬೇಕು, ಆ ಕ್ಷಣದಲ್ಲಿ ಬೇರೆ ಯಾವ ವಿಚಾರವೂ ಇರಬಾರದು. ಇಪ್ಪತ್ತು ಸಲ, ಮೂವತ್ತು ಸಲ ಆಮೆನ್, ಆಮೆನ್ ಅನ್ನುತ್ತಿದ್ದೆ. ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಮಾಡುತ್ತಿದ್ದೆ, ಮಗನಿಗೆ ಕೇಳಿಸದಿರಲಿ ಎಂದು. ಅವನಿಗೆ ಆಗ ಎಂಟು ವರ್ಷ. ಒಂದು ದಿನ ಬಾಗಿಲ ಹೊರಗಿನಿಂದ, "ಮಮ್ಮಿ, ಯಾರ ಜೊತೆ ಜಗಳ ಆಡ್ತಿದ್ದೀ?" ಎಂದ.

ಮನೆಮನೆಗಳಲ್ಲಿ ಸೇರಿ, ಲಾಕ್‌ಡೌನಿನಲ್ಲಿ ಫೋನಿನ ಮೇಲೆ ನಡೆಯುತ್ತಿದ್ದ ಒಂದು ಪ್ರಾರ್ಥನಾ ಗುಂಪಿಗೆ ನಾನು ಸೇರಿದ್ದೆ. ಅಲ್ಲಿ ಮುಂದಾಳಾಗಿದ್ದವರಿಗೆ ನಡೆದದ್ದನ್ನು ಹೇಳಿದೆ. ವಿಶ್ವಾಸಿ ರಕ್ಷಣೆಯನ್ನು ಕಳೆದುಕೊಳ್ಳಬಹುದು, ನೀನು ಕಳೆದುಕೊಂಡಿದ್ದೀ, ಮತ್ತೆ ಸಿಗುವುದೋ ಇಲ್ಲವೋ ದೇವರ ಚಿತ್ತ ಎಂದರು. ಮೂರು ದಿನದ ಉಪವಾಸ ಹೇಳಿದರು. ನಾನು ಏಳು ದಿನ ಮಾಡಿದೆ. ರಾತ್ರಿ ಪಾಳಿಯಲ್ಲಿ, ಪಿಪಿಇ ತೊಟ್ಟು, ಬರಿ ನೀರಿನ ಮೇಲೆ. ಐದನೆಯ ರಾತ್ರಿ ಒಬ್ಬ ಅಜ್ಜಿಯ ಮಂಚ ಹಿಡಿದುಕೊಂಡು ಕುಸಿದೆ. ಚಳಿಗಾಲದಲ್ಲಿ 58 ಕಿಲೋ ಇದ್ದವಳು ನವೆಂಬರಿಗೆ 47ಕ್ಕೆ ಇಳಿದಿದ್ದೆ. ಗಂಡ ಕೇಳಿದರೆ ಅಪ್ಪನ ದುಃಖ ಎನ್ನುತ್ತಿದ್ದೆ. ಅದು ಸುಳ್ಳು. ಅಪ್ಪನ ದುಃಖ ಪಡಲು ನನಗೆ ಪುರಸೊತ್ತೇ ಇರಲಿಲ್ಲ. ಈಗ ಹಿಂದಿರುಗಿ ನೋಡಿದರೆ ಆ ದಿನಗಳಲ್ಲಿ ಕಳೆದುಹೋದವುಗಳಲ್ಲಿ ನನಗೆ ಹೆಚ್ಚು ಸಂಕಟವಾಗುವುದು ಇದಕ್ಕೇ.

ನವೆಂಬರ್ 23ಕ್ಕೆ ಗಡಿ ತೆರೆಯಿತು. ಡಿಸೆಂಬರ್ ಮೊದಲ ವಾರ ಹ್ಯೂಮ್ ಹೆದ್ದಾರಿ ಹಿಡಿದು ಹೊರಟೆವು. ಸುಮಾರು 880 ಕಿಲೋಮೀಟರ್. ಆಲ್ಬರಿಯ ಹತ್ತಿರ ಗಡಿ ಬಂತು. ಒಂದು ಬೋರ್ಡು, ಒಂದು ನದಿ, ಅಷ್ಟೆ. ಅಲ್ಲಿ ಕಾರು ನಿಲ್ಲಿಸಿ ಎಂದೆ, ಆದರೆ ಇಳಿಯಲಿಲ್ಲ.

ಅವ್ವ ರೂಕ್‌ವುಡ್‌ಗೆ ಕರೆದುಕೊಂಡು ಹೋದಳು. ಅಪ್ಪನ ಮೇಲೆ ಇನ್ನೂ ಕಲ್ಲು ಇಟ್ಟಿರಲಿಲ್ಲ, ಮಣ್ಣು ತಗ್ಗಾಗಿತ್ತು. ಅವ್ವ ಪ್ರಾರ್ಥನೆ ಮಾಡಿದಳು. ನಾನು ಕಣ್ಣು ಬಿಟ್ಟುಕೊಂಡು ದೂರದ ಮರ ನೋಡುತ್ತ ನಿಂತೆ. ನನ್ನ ಬಾಯಿಂದ ದೇವರ ಹೆಸರು ಬಂದರೆ ಅಪ್ಪನ ಗೋರಿಯೂ ಹೊಲಸಾದೀತು ಎಂಬ ಭಯ.

"ಯಾಕವ್ವಾ, ಪ್ರಾರ್ಥನಾದಾಗ ಕಣ್ಣ ಮುಚ್ಚೂದಿಲ್ಲಲ್ಲ ನೀ?" ಎಂದಳು ಅವ್ವ.

"ತಲಿ ತಿರಗತೈತಿ" ಎಂದೆ.

ಅಣ್ಣ ಹೋಗುವ ಚರ್ಚು ಸಿಡ್ನಿಯ ಕಡೆಯ ಕಟ್ಟಾ ಸುಧಾರಿತ (ರಿಫಾರ್ಮ್ಡ್) ಪಂಥದ್ದು. ಆ ಊರಿನ ಆಂಗ್ಲಿಕನ್ನರ ಬೋಧನೆಯೇ ಹಾಗೆ. 1856ರಲ್ಲಿ ಶುರುವಾದ ಮೂರ್ ಕಾಲೇಜಿನಲ್ಲಿ ಓದಿ ಬರುವ ಸಭಾಪಾಲಕರು, ದೇವರು ನಿಜವಾಗಿ ರಕ್ಷಿಸಿದವರನ್ನು ಕೊನೆಯವರೆಗೆ ಕಾಯುತ್ತಾನೆ ಎಂದು ಸ್ಪಷ್ಟವಾಗಿ ಕಲಿಸುತ್ತಾರೆ. ಆ ಭಾನುವಾರ ಬಂದಿದ್ದ ಬೋಧಕರೊಬ್ಬರನ್ನು ಬಾಗಿಲಲ್ಲಿ ತಡೆದು, ಹೆಸರು ಹೇಳದೆ, ಒಬ್ಬರ ವಿಷಯ ಎಂಬಂತೆ ಕೇಳಿದೆ. ಯೋಹಾನನ ಹತ್ತನೆಯ ಅಧ್ಯಾಯ ತೋರಿಸಿ, ಕುರುಬನ ಕೈಯಿಂದ ಕುರಿಯನ್ನು ಯಾರೂ ಕಿತ್ತುಕೊಳ್ಳಲಾರರು ಎಂದರು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆಮೇಲೆ ಅವರು, ಪೂರ್ತಿ ಬಿದ್ದುಹೋದವರು ಮೊದಲಿನಿಂದಲೂ ನಮ್ಮವರಾಗಿರಲಿಲ್ಲ ಎಂದು ಯೋಹಾನನ ಮೊದಲ ಪತ್ರಿಕೆ ಹೇಳುತ್ತದೆ ಎಂದೂ ಸೇರಿಸಿದರು. ಪ್ಯಾರಮ್ಯಾಟಾ ಸ್ಟೇಷನ್ ಬರುವುದರೊಳಗೆ ನಾನು ಇನ್ನೊಂದು ಬಾವಿಯಲ್ಲಿ ಬಿದ್ದಿದ್ದೆ. ಹಾಗಾದರೆ ಹದಿನೈದನೆಯ ವಯಸ್ಸಿನ ಕನ್ಫರ್ಮೇಶನ್ನೂ ಸುಳ್ಳೇ? ಅಪ್ಪನ ಪಕ್ಕದಲ್ಲಿ ಕೂತು ಹೇಳಿದ ಆಮೆನ್‌ಗಳೆಲ್ಲ ಸುಳ್ಳೇ? ಮೆಲ್ಬರ್ನಿನವರು ನನ್ನ ಮುಂದಿನದನ್ನು ಕಸಿದುಕೊಂಡಿದ್ದರು, ಈ ಮಾತು ಹಿಂದಿನದನ್ನೂ ತೆಗೆದುಕೊಂಡು ಹೋಯಿತು.

ಇದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ನನ್ನ ಹಾಗೆ ಒದ್ದಾಡುವವರು ಇದ್ದಾರೆಂದು ನನಗೆ ಗೊತ್ತು. ರಕ್ಷಣೆ ಕಳೆದುಹೋಗಬಹುದು ಎಂದರೆ, ನಾನು ಕಳೆದುಕೊಂಡೆನೇ ಎಂಬ ಪ್ರಶ್ನೆ. ಕಳೆದುಹೋಗದು ಎಂದರೆ, ನನ್ನ ಬಳಿ ಇತ್ತೇ ಎಂಬ ಪ್ರಶ್ನೆ. ಆ ಸ್ಥಿತಿಯ ಮನಸ್ಸು ಎರಡೂ ಉತ್ತರಗಳಿಂದ ಒಂದೇ ಹಗ್ಗ ಹೊಸೆಯುತ್ತದೆ. ಉತ್ತರ ಯಾವುದು ಎಂಬುದು ಆಗ ಲೆಕ್ಕಕ್ಕೇ ಬರುವುದಿಲ್ಲ.

2021ರ ಫೆಬ್ರುವರಿ. ಒಂದು ರಾತ್ರಿ ಮೂರು ಗಂಟೆಗೆ, ಹೇಗಿದ್ದರೂ ನರಕವೇ ಆದರೆ ಬದುಕು ಎಳೆಯುವುದು ಯಾಕೆ ಎಂಬ ವಿಚಾರ ಬಂತು. ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದೆ. ನಮ್ಮ ವೃದ್ಧಾಶ್ರಮದ ಸಿಬ್ಬಂದಿ ಕೋಣೆಯ ಗೋಡೆಯ ಮೇಲೆ ಅಂಟಿಸಿದ್ದ ನಂಬರು ನೆನಪಿತ್ತು, 13 11 14, ಲೈಫ್‌ಲೈನ್. ಹಚ್ಚಿದೆ. ಒಬ್ಬ ಹೆಂಗಸು ಎತ್ತಿದಳು. ನಾನು ಕ್ಷಮೆಯಿಲ್ಲದ ಪಾಪದ ಬಗ್ಗೆ ಹೇಳಿದೆ. ಅವಳು ದೇವರ ವಿಷಯ ಏನೂ ಹೇಳಲಿಲ್ಲ. ಎಷ್ಟು ದಿನದಿಂದ ನಿದ್ದೆಯಿಲ್ಲ ಎಂದು ಕೇಳಿದಳು. ಮನೆಯಲ್ಲಿ ಯಾರಿದ್ದಾರೆ, ಅವರನ್ನು ಎಬ್ಬಿಸಬಹುದೇ ಎಂದಳು. ನಲವತ್ತು ನಿಮಿಷ ಜೊತೆಗಿದ್ದಳು. ಕೊನೆಗೆ ಗಂಡನನ್ನು ಎಬ್ಬಿಸಿದೆ. ಬೆಳಗಾಗುವವರೆಗೆ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ನನ್ನ ತಲೆ ತಮ್ಮ ಭುಜಕ್ಕೆ ಒತ್ತಿಕೊಂಡು, "ಇಷ್ಟು ದಿನ ಒಬ್ಬಳೇ ಇದ್ದೀಯಲ್ಲ" ಎಂದರು, ಅಷ್ಟೇ.

ಆ ಫೋನಿನ ಹಿಂದೆ ಏನಿದೆಯೆಂದು ಆಮೇಲೆ ಓದಿದೆ. ಸಿಡ್ನಿಯ ಸೆಂಟ್ರಲ್ ಮೆಥಡಿಸ್ಟ್ ಮಿಷನ್ನಿನ ಬೋಧಕರಾಗಿದ್ದ ಆಲನ್ ವಾಕರ್ ಅವರಿಗೆ ಸಂಕಟದಲ್ಲಿದ್ದ ಒಬ್ಬ ಮನುಷ್ಯ ಫೋನ್ ಮಾಡಿದ್ದ, ಕೆಲವೇ ದಿನಗಳಲ್ಲಿ ಆತ್ಮಹತ್ಯೆ ಮಾಡಿಕೊಂಡ. ಆ ನೋವಿನಿಂದ ಅವರು 1963ರ ಮಾರ್ಚಿನಲ್ಲಿ ಲೈಫ್‌ಲೈನ್ ಶುರು ಮಾಡಿದರು. ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ, ವಿಶ್ವಾಸಿಯೂ ಕೃಪೆಯಿಂದ ಬಿದ್ದುಹೋಗಬಹುದು ಎಂದು ನಂಬಿದವನು, 1751ರಲ್ಲಿ ಅದರ ಬಗ್ಗೆ ಒಂದು ಕಿರುಹೊತ್ತಗೆಯನ್ನೇ ಬರೆದವನು. ಬೀಳಬಹುದು ಎಂದು ಕಲಿತ ಪಂಗಡದವರು ಬೀಳುತ್ತಿರುವವರಿಗಾಗಿ ರಾತ್ರಿಯೆಲ್ಲ ಎಚ್ಚರವಿರುವ ಫೋನು ಇಟ್ಟರು. ನನಗೆ ಉಪವಾಸ ಹೇಳಿದವರೂ ಬೀಳಬಹುದು ಎಂದೇ ನಂಬಿದವರು. ಸಿದ್ಧಾಂತ ಒಂದೇ ಇದ್ದರೂ ಅದು ಕೈಗೆ ಏನು ಕೆಲಸ ಹಚ್ಚುತ್ತದೆ ಎಂಬುದು ಬೇರೆ ಬೇರೆ. ಇದನ್ನು ಅರಿತ ದಿನ ನಾನು ಬಹಳ ಹೊತ್ತು ಅತ್ತೆ.

ಗಂಡ ಮರುದಿನವೇ ನಮ್ಮ ಬಡಾವಣೆಯ ಡಾಕ್ಟರ ಬಳಿ ಕರೆದೊಯ್ದರು. ಇಲ್ಲಿ ಡಾಕ್ಟರು ಮಾನಸಿಕ ಆರೋಗ್ಯದ ಯೋಜನೆ ಬರೆದುಕೊಟ್ಟರೆ ಮನಶ್ಶಾಸ್ತ್ರಜ್ಞರ ಭೇಟಿಗೆ ಮೆಡಿಕೇರ್ ಒಂದು ಭಾಗ ಹಣ ಕೊಡುತ್ತದೆ. ವರ್ಷಕ್ಕೆ 10 ಭೇಟಿ ಇದ್ದದ್ದನ್ನು ಕೋವಿಡ್ ಕಾಲದಲ್ಲಿ 20 ಮಾಡಿದ್ದರು. ಸರ್ಟ್ರಲೀನ್ ಮಾತ್ರೆ ಶುರುವಾಯಿತು. ಮನಶ್ಶಾಸ್ತ್ರಜ್ಞೆ ನಂಬಿಕೆಯವಳಲ್ಲ, ಅದನ್ನು ಮೊದಲೇ ಹೇಳಿದಳು. "ದೇವರು ಏನಂದುಕೊಂಡಿದ್ದಾನೆ ಎಂದು ನಾನು ಹೇಳಲಾರೆ. ರಾತ್ರಿ ಮೂರಕ್ಕೆ ನಿನ್ನ ತಲೆ ಏನು ಮಾಡುತ್ತದೆ ಎಂದು ಹೇಳಬಲ್ಲೆ." ಇದು ಗೀಳು ಕಾಯಿಲೆ, ಓಸಿಡಿ ಎಂದಳು. ಕೆಲವರಿಗೆ ಅದು ಕೈ ತೊಳೆಯುವುದಾಗಿ ಬರುತ್ತದೆ, ಕೆಲವರಿಗೆ ಬೀಗ ನೋಡುವುದಾಗಿ, ನಂಬಿಕೆಯವರಿಗೆ ಪಾಪದ ಭಯವಾಗಿ. ಅದಕ್ಕೆ ಇಂಗ್ಲಿಷಿನಲ್ಲಿ ಸ್ಕ್ರೂಪುಲಾಸಿಟಿ ಎನ್ನುತ್ತಾರೆ. ಮೂಲ ಲ್ಯಾಟಿನ್ ಮಾತಿನ ಅರ್ಥ ಚೂಪಾದ ಸಣ್ಣ ಹರಳು. ಚಪ್ಪಲಿಯೊಳಗೆ ಸೇರಿಕೊಂಡು ಹೆಜ್ಜೆ ಹೆಜ್ಜೆಗೂ ಚುಚ್ಚುವ ಹರಳು. ಮಾರ್ಟಿನ್ ಲೂಥರ್ ತರುಣ ಸನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ, ಹೊರಗೆ ಬಂದು, ಮರೆತ ಪಾಪ ನೆನಪಾಗಿ ಮತ್ತೆ ಒಳಗೆ ಹೋಗುತ್ತಿದ್ದದ್ದು ಎಲ್ಲರಿಗೂ ಗೊತ್ತಿರುವ ಕಥೆ. ನನಗೂ ಗೊತ್ತಿತ್ತು. ಅದು ನನ್ನದೇ ಕಥೆ ಎಂದು ಮಾತ್ರ ಹೊಳೆದಿರಲಿಲ್ಲ.

ಚಿಕಿತ್ಸೆ ಕಠಿಣವಾಗಿತ್ತು. ಇಬ್ರಿಯರ ಆರನೆಯ ಅಧ್ಯಾಯದ ಆ ಮೂರು ವಚನ ಗಟ್ಟಿಯಾಗಿ ಓದಬೇಕು. ಓದಿ ಸುಮ್ಮನೆ ಕೂರಬೇಕು. ಕ್ಷಮೆ ಕೇಳಬಾರದು, ಬೇರೆ ವಚನ ತೆರೆಯಬಾರದು, ಗೂಗಲ್ ಮಾಡಬಾರದು, ಯಾರಿಗೂ ಫೋನ್ ಹಚ್ಚಿ ನಾನು ರಕ್ಷಣೆ ಹೊಂದಿದ್ದೇನೆಯೇ ಎಂದು ಕೇಳಬಾರದು. ಭಯ ನೂರಕ್ಕೆ ಎಷ್ಟು ಎಂದು ಹತ್ತು ನಿಮಿಷಕ್ಕೊಮ್ಮೆ ಬರೆಯಬೇಕು. ಮೊದಲ ದಿನ 95. ಐವತ್ತು ನಿಮಿಷದ ಮೇಲೂ 90. ಮೈಯೆಲ್ಲ ಬೆವರು. ಇದು ದೇವದ್ರೋಹ, ಸೈತಾನನ ಕೆಲಸವನ್ನು ಹಣ ಕೊಟ್ಟು ಮಾಡಿಸಿಕೊಳ್ಳುತ್ತಿದ್ದೇನೆ ಅನಿಸಿತು. ಧೈರ್ಯದ ಮಾತು ಕೇಳಿದಾಗೆಲ್ಲ ಇಪ್ಪತ್ತು ನಿಮಿಷ ಹಗುರವಾಗಿ, ಆಮೇಲೆ ಎರಡು ಪಟ್ಟು ಹಸಿವಾಗುತ್ತಿತ್ತಲ್ಲ, ಆ ಹಸಿವಿಗೆ ಅನ್ನ ಹಾಕುವುದನ್ನು ನಿಲ್ಲಿಸುವುದೇ ಮದ್ದು ಎಂದು ಅವಳು ತಾಳ್ಮೆಯಿಂದ ಮತ್ತೆ ಮತ್ತೆ ಹೇಳಿದಳು. ಆ ವರ್ಷವೂ ಮೆಲ್ಬರ್ನಿನಲ್ಲಿ ಲಾಕ್‌ಡೌನ್ ಬಿಡಲಿಲ್ಲ. ಎರಡೂ ವರ್ಷ ಸೇರಿ 262 ದಿನ. ಹೆಚ್ಚಿನ ಭೇಟಿಗಳು ಲ್ಯಾಪ್‌ಟಾಪಿನ ಮೇಲೆ, ನಮ್ಮ ಗ್ಯಾರೇಜಿನಲ್ಲಿ ಕೂತು ನಡೆದವು. ಜುಲೈ ಹೊತ್ತಿಗೆ 95 ಇಳಿದು 60 ಆಯಿತು, ಅಕ್ಟೋಬರಿಗೆ 30.

ಆದರೆ ನನ್ನ ಪ್ರಶ್ನೆ ಬರಿ ಕಾಯಿಲೆಯಲ್ಲ, ಅದು ನಿಜವಾದ ಪ್ರಶ್ನೆಯೂ ಹೌದು. ಅದಕ್ಕಾಗಿ ಧಾರವಾಡದಲ್ಲಿದ್ದ ನಿವೃತ್ತ ಸಭಾಪಾಲಕರಾದ ಅಯ್ಯನವರಿಗೆ ಜೂನಿನಲ್ಲಿ ಫೋನ್ ಮಾಡಿದೆ. ಅಪ್ಪನ ಗೆಳೆಯರು, ನನಗೆ ಕನ್ಫರ್ಮೇಶನ್ ಪಾಠ ಹೇಳಿದವರು. ಮನಶ್ಶಾಸ್ತ್ರಜ್ಞೆಗೆ ಮೊದಲೇ ಹೇಳಿದ್ದೆ. ಒಂದು ಸಲ ಕೇಳಬಹುದು, ಎರಡನೆಯ ಸಲ ಇಲ್ಲ ಎಂದಿದ್ದಳು.

ಎಲ್ಲ ಕೇಳಿಸಿಕೊಂಡು ಅಯ್ಯನವರು ಅಂದರು, "ನಿನಗ ಯೇಸುಸ್ವಾಮಿ ಬೇಕೇನವಾ?"

"ಬೇಕ್ರಿ."

"ಹಂಗಾರ ಬಿಟ್ಟ್ ಹೋದಾಕಿ ಯಾರು? ಬಿಟ್ಟ್ ಹೋದವ್ರು ಬಾಗಲಾ ಮುಂದ ಕುಂತ್ ಅಳೂದಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಒಮ್ಮೆ ಹೇಳೀನಿ. ನಾಳೆ ಕೇಳಿದ್ರ ಹೇಳೂದಿಲ್ಲ" ಎಂದರು. ಮರುದಿನ ನಾನು ಕೇಳಿಯೇಬಿಟ್ಟೆ. ಅವರು ಗದಗಿನ ಮಳೆಯ ಸುದ್ದಿ ಹೇಳಿದರು. ಹೇಳಲಿಲ್ಲವಲ್ಲ ಎಂದು ಆಗ ಸಿಟ್ಟು ಬಂತು. ಅವರು ಮಾಡಿದ್ದು ಎಷ್ಟು ದೊಡ್ಡ ಉಪಕಾರ ಎಂದು ತಿಳಿಯಲು ನನಗೆ ತಿಂಗಳುಗಳು ಬೇಕಾದವು.

ಆಮೇಲಿನ ವಾರಗಳಲ್ಲಿ ಅವರು ಪಾಠ ಹೇಳಿದರು, ಶಾಲೆಯ ಮಕ್ಕಳಿಗೆ ಹೇಳಿದ ಹಾಗೆ. ಇಬ್ರಿಯರ ಆರನೆಯ ಅಧ್ಯಾಯ ಆರನೆಯ ವಚನಕ್ಕೆ ಮುಗಿಯುವುದಿಲ್ಲ ಎಂದರು. ಒಂಬತ್ತನೆಯದರಲ್ಲಿ ಬರೆದವನು ಧ್ವನಿ ಬದಲಿಸಿ, ಪ್ರಿಯರೇ ಎಂದು ಕರೆದು, ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ ನಂಬಿದ್ದೇವೆ ಎನ್ನುತ್ತಾನೆ. ಅಧ್ಯಾಯದ ಕೊನೆಗೆ ಲಂಗರಿನ ಮಾತು ಬರುತ್ತದೆ. ನೂರಾರು ಸಲ ಆ ಪುಟ ತೆರೆದ ನಾನು ಒಂಬತ್ತನೆಯ ವಚನ ಓದಿರಲೇ ಇಲ್ಲ. ಮಾರ್ಕನ ಮೂರನೆಯ ಅಧ್ಯಾಯದಲ್ಲಿ ಯೇಸು ಮಾತಾಡುತ್ತಿರುವುದು ಶಾಸ್ತ್ರಿಗಳ ಜೊತೆ. ಕಣ್ಣೆದುರು ರೋಗಿಗಳು ಗುಣವಾಗುವುದನ್ನು ಕಂಡೂ ಅದು ದೆವ್ವದ ಕೆಲಸ ಎಂದು ಹಟ ಹಿಡಿದವರು ಅವರು. ಅಪ್ಪನನ್ನು ಮಣ್ಣು ಮಾಡಿದ ದಿನ ಕಾರಿನಲ್ಲಿ ಕೂತು ಕೂಗಿದ ಮಗಳಲ್ಲ. ಆಮೇಲೆ ಯೋಹಾನನ ಸುವಾರ್ತೆಯಲ್ಲಿ ಯೇಸುವಿನ ಶಿಷ್ಯ ಪೇತ್ರನನ್ನು ತೋರಿಸಿದರು. ಅವನು ಇದ್ದಲಿನ ಬೆಂಕಿಯ ಮುಂದೆ ಚಳಿ ಕಾಯಿಸಿಕೊಳ್ಳುತ್ತ ಆ ಮನುಷ್ಯ ನನಗೆ ಗೊತ್ತಿಲ್ಲ ಎಂದ. ಅದೇ ಸುವಾರ್ತೆಯ ಕಡೆಯ ಅಧ್ಯಾಯದಲ್ಲಿ ಯೇಸು ಸಮುದ್ರದ ದಡದಲ್ಲಿ ಇದ್ದಲಿನ ಬೆಂಕಿ ಮಾಡಿ, ಮೀನು ಸುಟ್ಟು ಅವನನ್ನು ಊಟಕ್ಕೆ ಕರೆಯುತ್ತಾನೆ. ಇದ್ದಲಿನ ಬೆಂಕಿಗೆ ಇರುವ ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡು ಕಡೆ ಮಾತ್ರ.

ಹಾಗಾದರೆ ಉತ್ತರ ಯಾವುದು ಎಂದು ಕೇಳಿದೆ. ನಾನೂರು ವರ್ಷದಿಂದ ದೊಡ್ಡವರೇ ಒಪ್ಪಂದಕ್ಕೆ ಬಂದಿಲ್ಲ ಎಂದರು. 1610ರಲ್ಲಿ ಹಾಲೆಂಡಿನ ಆರ್ಮೀನಿಯಸ್ ಶಿಷ್ಯರು ತಮ್ಮ ಐದನೆಯ ವಾದದಲ್ಲಿ ಈ ಪ್ರಶ್ನೆಯನ್ನು ತೀರ್ಮಾನಿಸದೆ ಬಿಟ್ಟರು. 1618ರಲ್ಲಿ ಡಾರ್ಟ್ ಪಟ್ಟಣದಲ್ಲಿ ಸೇರಿದ ಸಭೆ, ದೇವರು ತನ್ನವರನ್ನು ಬಿಡುವುದಿಲ್ಲ ಎಂದು ತೀರ್ಪು ಕೊಟ್ಟಿತು. ವೆಸ್ಲಿ ಅದನ್ನು ಒಪ್ಪಲಿಲ್ಲ. ಅಯ್ಯನವರ ಒಲವು ಡಾರ್ಟ್ ಕಡೆಗೆ. ನನ್ನದೂ ಈಗ ಅದೇ, ಆದರೆ ಭಯದಿಂದಲ್ಲ. ಎಚ್ಚರಿಕೆಯ ವಚನಗಳು ಸುಳ್ಳಲ್ಲ, ಅವು ದಾರಿ ಬಿಟ್ಟು ಆರಾಮವಾಗಿ ನಡೆದುಹೋಗುವವರನ್ನು ತಡೆಯಲು ಇವೆ ಎಂದು ನಂಬುತ್ತೇನೆ. ಅವನ್ನು ತೆಗೆದು ಆಗಲೇ ಮುರಿದು ಬಿದ್ದವರ ತಲೆಯ ಮೇಲೆ ಹಾಕುವುದು ಕ್ರೂರತನ. ಅದು ನನಗೆ ಆಗಿದೆ, ಆದ್ದರಿಂದ ಹೇಳುತ್ತಿದ್ದೇನೆ.

ವಿಲಿಯಂ ಕೂಪರ್‌ನ ಕಥೆ ಹೇಳಿದವರೂ ಅಯ್ಯನವರೇ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಕವಿ. ಓಲ್ನಿ ಎಂಬ ಊರಿನಲ್ಲಿ ಪಾದ್ರಿ ಜಾನ್ ನ್ಯೂಟನ್ ಜೊತೆ ಸೇರಿ ಅರವತ್ತಕ್ಕೂ ಹೆಚ್ಚು ಸ್ತುತಿಗೀತೆ ಬರೆದವನು. ನಮ್ಮ ಚರ್ಚುಗಳಲ್ಲಿ ಇವತ್ತಿಗೂ ಅವನ್ನು ಹಾಡುತ್ತೇವೆ. 1773ರಲ್ಲಿ ಅವನಿಗೆ ಒಂದು ಕನಸು ಬಿತ್ತು, ನಿನ್ನ ಕಥೆ ಮುಗಿಯಿತು ಎಂದು ದೇವರೇ ಹೇಳಿದ ಹಾಗೆ. ಅಲ್ಲಿಂದ 1800ರಲ್ಲಿ ಸಾಯುವವರೆಗೆ, 27 ವರ್ಷ, ತಾನು ಕಳೆದುಹೋದವನು ಎಂದೇ ನಂಬಿದ. ಹುಚ್ಚು ಕೆರಳಿದಾಗ ನ್ಯೂಟನ್ ಅವನನ್ನು ತನ್ನ ಮನೆಯಲ್ಲೇ ಒಂದು ವರ್ಷದ ಮೇಲೆ ಇಟ್ಟುಕೊಂಡ. ಅವನು ಸತ್ತಾಗ ನ್ಯೂಟನ್ನೇ ಅವನಿಗಾಗಿ ಪ್ರಸಂಗ ಮಾಡಿದ. ಗೆಳೆಯ ತನ್ನ ಬಗ್ಗೆ ನಂಬಲಾರದ್ದನ್ನು ನ್ಯೂಟನ್ ಅವನ ಪರವಾಗಿ ಕೊನೆಯವರೆಗೂ ನಂಬಿದ್ದ. ಕೂಪರ್‌ಗೆ ಸರ್ಟ್ರಲೀನ್ ಇರಲಿಲ್ಲ, ಫೋನಿನ ಆ ಹೆಂಗಸು ಇರಲಿಲ್ಲ. ಅವನನ್ನು ನೆನೆದರೆ ನನ್ನ ಗಂಟಲು ಕಟ್ಟುತ್ತದೆ.

2022ರ ಮಾರ್ಚಿನಲ್ಲಿ, ಸುಮಾರು ಹತ್ತೊಂಬತ್ತು ತಿಂಗಳ ಮೇಲೆ, ಮೆಲ್ಬರ್ನಿನಲ್ಲಿ ನಮ್ಮ ಕನ್ನಡದವರು ಬಾಡಿಗೆ ಹಾಲಿನಲ್ಲಿ ಸೇರುವ ಆರಾಧನೆಯಲ್ಲಿ ಕರ್ತನ ಭೋಜನ ತೆಗೆದುಕೊಂಡೆ. ಭಯ 40 ಇತ್ತು. ರೊಟ್ಟಿಯ ಚೂರು ಗಂಟಲಲ್ಲಿ ನಿಂತಿತು, ಆಮೇಲೆ ಇಳಿಯಿತು. ಮಗ ಪಕ್ಕದಿಂದ ನೋಡುತ್ತಿದ್ದ.

ಅದೇ ವರ್ಷದ ಆಗಸ್ಟಿನಲ್ಲಿ ಅಪ್ಪನ ಎರಡನೆಯ ವರ್ಷಕ್ಕೆ ಸಿಡ್ನಿಗೆ ಹೋದೆ. ಮೊದಲು ಒಬ್ಬಳೇ ನಗರದೊಳಗೆ, ಬ್ಲೈ ಮತ್ತು ಹಂಟರ್ ಬೀದಿಗಳು ಕೂಡುವಲ್ಲಿಗೆ ಹೋದೆ. ಅಲ್ಲಿ ಎತ್ತರದ ಆಫೀಸುಗಳ ನಡುವೆ ರಿಚರ್ಡ್ ಜಾನ್ಸನ್‌ನ ಸ್ಮಾರಕವಿದೆ. ಆಸ್ಟ್ರೇಲಿಯಕ್ಕೆ ಕೈದಿಗಳ ಹಡಗುಗಳ ಜೊತೆ ಬಂದ ಮೊದಲ ಪಾದ್ರಿ. 1788ರ ಫೆಬ್ರುವರಿ 3ರಂದು ಸಿಡ್ನಿಯಲ್ಲಿ ಮೊದಲ ಆರಾಧನೆ ನಡೆಸಿದವನು, 1793ರಲ್ಲಿ ಈ ಜಾಗದಲ್ಲಿ ಮೊದಲ ಚರ್ಚು ಕಟ್ಟಿದವನು. ಅವನನ್ನು ಈ ಕೆಲಸಕ್ಕೆ ಆರಿಸಿ ಕಳಿಸಿದ ಬಳಗದಲ್ಲಿ ಜಾನ್ ನ್ಯೂಟನ್ ಇದ್ದ. ಕೂಪರ್‌ನನ್ನು ಮನೆಯಲ್ಲಿಟ್ಟುಕೊಂಡು ಕಾದ ಅದೇ ನ್ಯೂಟನ್. ಜನ ಕಾಫಿ ಹಿಡಿದು ಓಡಾಡುತ್ತಿದ್ದರು. ನಾನು ಆ ಕಲ್ಲಿಗೆ ಕೈ ಹಚ್ಚಿ ಸ್ವಲ್ಪ ಹೊತ್ತು ನಿಂತೆ.

ಮಧ್ಯಾಹ್ನ ಅವ್ವ, ಅಣ್ಣ, ಅತ್ತಿಗೆ ಜೊತೆ ರೂಕ್‌ವುಡ್‌ಗೆ ಹೋದೆವು. ಅಪ್ಪನಿಗೆ ಈಗ ಕಲ್ಲು ಇಟ್ಟಿದ್ದಾರೆ, ಕನ್ನಡದಲ್ಲಿ ಹೆಸರು ಕೆತ್ತಿಸಿದ್ದಾರೆ. ಅವತ್ತು ನಾನು ಅಪ್ಪನಿಗಾಗಿ ಅತ್ತೆ. ಎರಡು ವರ್ಷ ತಡವಾಗಿ, ಮಗಳು ಅಳಬೇಕಾದ ಹಾಗೆ. ಅವ್ವ ಬೆನ್ನ ಮೇಲೆ ಕೈ ಇಟ್ಟು ಕಾದಳು. ಆಮೇಲೆ, "ನೀನ ಮಾಡವ್ವಾ ಪ್ರಾರ್ಥನಾ" ಎಂದಳು.

ಕಣ್ಣು ಮುಚ್ಚಿದೆ. ನಾಲ್ಕು ಮಾತು ಹೇಳಿದೆ. ನಡುವೆ ಆ ಹಳೆಯ ಕೆಟ್ಟ ಮಾತು ಬಂತು. ಬರಲಿ ಎಂದು ಬಿಟ್ಟೆ, ಹಿಂದಕ್ಕೆ ಹೋಗಲಿಲ್ಲ. ಆಮೆನ್ ಎಂದೆ. ಒಂದೇ ಸಲ. ಕಣ್ಣು ಬಿಟ್ಟೆ.

ಬಾತ್‌ರೂಮಿನ ನಲ್ಲಿಯ ಕಥೆಯೆಲ್ಲ ಅವ್ವನಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ನನ್ನ ಮುಖವನ್ನೇ ನೋಡುತ್ತಿದ್ದಳು.

"ಮುಗೀತೇನವ್ವಾ?"

"ಹೂಂ ಅವ್ವಾ, ಮುಗೀತು."

"ಹಂಗಾರ ನಡಿ, ಬಿಸಲಾತು" ಎಂದು ನನ್ನ ಕೈ ಹಿಡಿದು ಎದ್ದಳು.